ಎಡಗಾಲಿಗೆ ರಜೆ ಕೊಟ್ಟ ಕಾರು
ಚಡಾವಿನ ಮನೆಗೆ ಗೇರಿನ ಕಾರೋ, ಆಟೋಮ್ಯಾಟಿಕ್ಕೋ?

ಎಡಗಾಲು ಇಲ್ಲದೆ ಕಾರು ಓಡದು. ಮೂವತ್ತು ವರ್ಷ ಗಾಡಿ ಓಡಿಸಿದ ನನಗೆ ಈ ಸತ್ಯ ತಿಳಿದದ್ದು 2019ರ ಆಗಸ್ಟಿನ ಒಂದು ಮಳೆರಾತ್ರಿ.

ಅದಕ್ಕೆ ಎರಡು ದಿನ ಮೊದಲು ತೋಟಕ್ಕೆ ಇಳಿಯುವ ಪಾಚಿಗಟ್ಟಿದ ಮೆಟ್ಟಲಲ್ಲಿ ಜಾರಿ ಬಿದ್ದಿದ್ದೆ. ಎಡ ಮೊಣಗಂಟು ತೆಂಗಿನಕಾಯಿಯ ಹಾಗೆ ಊದಿತ್ತು. ರಾತ್ರಿ ಹನ್ನೊಂದರ ಹೊತ್ತಿಗೆ ಅಮ್ಮನಿಗೆ ಉಸಿರಾಡಲು ಕಷ್ಟವಾಯಿತು. ಅವರಿಗೆ ಆಗ 84 ವರ್ಷ. ಅಂಗಳದಲ್ಲಿ ಕಾರಿದೆ. ಟ್ಯಾಂಕಿನಲ್ಲಿ ಪೆಟ್ರೋಲಿದೆ. ಓಡಿಸಲು ಬಲ್ಲ ನಾನೂ ಇದ್ದೇನೆ. ಆದರೆ ಕ್ಲಚ್ಚು ಒತ್ತಲು ಆಗುವುದಿಲ್ಲ. ಸೀಟಿನಲ್ಲಿ ಕುಳಿತು ಮೂರು ಸಲ ಪ್ರಯತ್ನಿಸಿದೆ. ಕಣ್ಣಿಗೆ ಕತ್ತಲೆ ಬಂತು.

ಹೆಂಡತಿಗೆ ಡ್ರೈವಿಂಗ್ ಬಾರದು. ಮಗ ಬೆಂಗಳೂರಿನಲ್ಲಿ. ಲ್ಯಾಂಡ್‌ಲೈನ್ ಸತ್ತು ವಾರವಾಗಿತ್ತು. ಆಕೆ ಟಾರ್ಚು ಹಿಡಿದುಕೊಂಡು ಗುಡ್ಡೆ ಹತ್ತಿ, ಮೊಬೈಲಿಗೆ ಸಿಗ್ನಲ್ ಸಿಗುವ ಗೇರುಮರದ ಬುಡಕ್ಕೆ ಹೋಗಿ, ನೆರೆಕರೆಯವರಿಗೆ ಫೋನ್ ಮಾಡಿದಳು. ಅವರ ಜೀಪು ಬಂದು ಅಮ್ಮ ಆಸ್ಪತ್ರೆ ಸೇರುವಾಗ ಎರಡು ಗಂಟೆ ಕಳೆದಿತ್ತು.

ಅಮ್ಮ ಉಳಿದರು. ಆದರೆ ಆ ಎರಡು ಗಂಟೆ ನನ್ನ ತಲೆಯಿಂದ ಹೋಗಲಿಲ್ಲ. ಮರುವಾರ ಆಕೆ ಒಂದೇ ಮಾತು ಹೇಳಿದಳು. "ನಿಮ್ಮ ಒಂದು ಕಾಲನ್ನು ನಂಬಿ ಈ ಮನೆಯಲ್ಲಿ ಮೂರು ಜನ ಇರುವುದು ಸರಿಯಾ?"

ಸರಿಯಲ್ಲ ಅಂತ ನನಗೂ ಗೊತ್ತಿತ್ತು. ಆದರೂ ಆಟೋಮ್ಯಾಟಿಕ್ ಕಾರು ಎಂದರೆ ನನಗೆ ಒಂಥರಾ ತಾತ್ಸಾರ. ಗೇರು ಹಾಕದವನು ಡ್ರೈವರೇ ಅಲ್ಲ ಎಂಬ ಜಂಬ. ಅದು ಪೇಟೆಯವರ ಟ್ರಾಫಿಕ್ಕಿಗೆ ಆದೀತು, ನಮ್ಮ ಚಡಾವಿಗೆ ಆಗದು ಎಂಬ ಗುಮಾನಿ ಬೇರೆ. ಹಾಗಾಗಿ ತೆಗೆದುಕೊಳ್ಳುವ ಮೊದಲು ಒಂದು ವರ್ಷ ವಿಚಾರಿಸಿದೆ, ಓಡಿಸಿ ನೋಡಿದೆ. ಅದರಲ್ಲಿ ಕಲಿತದ್ದನ್ನು ನನ್ನಂಥದೇ ರಸ್ತೆ, ನನ್ನಂಥದೇ ವಯಸ್ಸು ಇರುವವರಿಗಾಗಿ ಬರೆಯುತ್ತಿದ್ದೇನೆ.

ನಮ್ಮ ರಸ್ತೆ ಹೇಗಿದೆ?

ಮನೆ ಇರುವುದು ಸುಳ್ಯದ ಒಳಗಡೆ, ಡಾಮರು ರಸ್ತೆಯಿಂದ ಒಂದೂವರೆ ಕಿಲೋಮೀಟರ್ ತಗ್ಗಿನಲ್ಲಿ. ಹೆಚ್ಚಿನ ಅಡಿಕೆ ತೋಟದ ಮನೆಗಳಿಗೆ ಇದೇ ಹಣೆಬರಹ. ನೀರು ಇರುವಲ್ಲಿ ತೋಟ, ತೋಟ ಇರುವಲ್ಲಿ ಮನೆ, ರಸ್ತೆ ಮಾತ್ರ ಗುಡ್ಡೆಯ ನೆತ್ತಿಯಲ್ಲಿ. ಮನೆಯಿಂದ ಹೊರಟ ಕೂಡಲೇ ಸುಮಾರು 120 ಮೀಟರಿನ ಕಡಿದಾದ ಚಡಾವು. ಚಕ್ರ ಹೋಗುವಲ್ಲಿ ಎರಡು ಪಟ್ಟಿ ಕಾಂಕ್ರೀಟು ಹಾಕಿಸಿದ್ದೇವೆ. ನಡುವೆ ಹುಲ್ಲು. ಅರ್ಧದಲ್ಲಿ ಒಂದು ತಿರುವು. ಆ ತಿರುವಿನಲ್ಲಿ ದನವೋ, ಎದುರು ಬೈಕೋ ಸಿಕ್ಕಿ ಕಾರು ನಿಲ್ಲಿಸಬೇಕಾದರೆ ಡ್ರೈವರನ ಪರೀಕ್ಷೆ.

ಗೇರಿನ ಕಾರಿನಲ್ಲಿ ಈ ಪರೀಕ್ಷೆ ಹೇಗೆ ಪಾಸಾಗುವುದು ಅಂತ ಎಲ್ಲರಿಗೂ ಗೊತ್ತು. ಹ್ಯಾಂಡ್‌ಬ್ರೇಕ್ ಎಳೆದು, ಒಂದನೇ ಗೇರು ಹಾಕಿ, ಹಾಫ್ ಕ್ಲಚ್ಚಿನಲ್ಲಿ ಎಂಜಿನ್ ಎಳೆಯಲು ಶುರುಮಾಡಿದಾಗ ಬ್ರೇಕ್ ಬಿಡುವುದು. ಅಭ್ಯಾಸವಾದವರಿಗೆ ನೀರು ಕುಡಿದಷ್ಟು ಸುಲಭ. ಆದರೆ ಪ್ರತಿ ಸಲವೂ ಕ್ಲಚ್ ಪ್ಲೇಟು ಸ್ವಲ್ಪ ಸವೆಯುತ್ತದೆ. ಹ್ಯಾಂಡ್‌ಬ್ರೇಕ್ ಹಾಕದೆ ಹಾಫ್ ಕ್ಲಚ್ಚಿನಲ್ಲೇ ಕಾರನ್ನು ನಿಲ್ಲಿಸಿ ಹಿಡಿಯುವ ದುರಭ್ಯಾಸ ಇದ್ದರೆ ಬೇಗನೆ ಸವೆಯುತ್ತದೆ. ಸುಟ್ಟ ವಾಸನೆ ಬಂತೆಂದರೆ ಖರ್ಚು ಹೊರಟಿತು ಎಂದೇ ಲೆಕ್ಕ. ನನ್ನ ಹಳೇ ಕಾರಿನಲ್ಲಿ ಎರಡು ಸಲ ಕ್ಲಚ್ ಬದಲಿಸಿದ್ದೇನೆ.

ಆಟೋಮ್ಯಾಟಿಕ್ ಎಂದರೆ ಒಂದೇ ಅಲ್ಲ

ವಿಚಾರಿಸಲು ಹೊರಟಾಗ ಗೊತ್ತಾದ ಮೊದಲ ಸಂಗತಿ ಇದು. ಹೊರಗಿನಿಂದ ಎಲ್ಲವೂ ಒಂದೇ ಹಾಗೆ ಕಾಣುತ್ತವೆ. ಎರಡು ಪೆಡಲು, ಕ್ಲಚ್ಚಿಲ್ಲ. ಒಳಗಿನ ಹೂರಣ ಬೇರೆ ಬೇರೆ. ಪೇಟೆಯಲ್ಲಿ ಗ್ಯಾರೇಜು ಇಟ್ಟ ಮೆಕ್ಯಾನಿಕ್ ಗೆಳೆಯನೊಬ್ಬ ನನಗೆ ಬಿಡಿಸಿ ಹೇಳಿದ.

ಎಎಂಟಿ: ಸಣ್ಣ ಕಾರುಗಳಲ್ಲಿ ಹೆಚ್ಚಾಗಿ ಸಿಗುವುದು ಇದು. ನಮ್ಮ ದೇಶದಲ್ಲಿ ಮೊದಲು ಬಂದದ್ದು 2014ರ ಫೆಬ್ರವರಿಯಲ್ಲಿ, ಮಾರುತಿ ಸುಜುಕಿ ಸೆಲೆರಿಯೊ ಕಾರಿನಲ್ಲಿ. ಇಟಲಿಯ ಮ್ಯಾಗ್ನೆಟಿ ಮರೆಲ್ಲಿ ಕಂಪೆನಿಯ ಸಲಕರಣೆ. ಇದರಲ್ಲಿ ಗೇರುಪೆಟ್ಟಿಗೆ ಹಳೆಯದೇ, ಕ್ಲಚ್ ಪ್ಲೇಟೂ ಹಳೆಯದೇ. ಕ್ಲಚ್ಚು ಒತ್ತುವ ಕಾಲು, ಗೇರು ಬದಲಿಸುವ ಕೈ ಮಾತ್ರ ನಮ್ಮದಲ್ಲ, ಒಂದು ಸಣ್ಣ ಕಂಪ್ಯೂಟರಿನದ್ದು. "ಅಣ್ಣಾ, ಸಂಬಳಕ್ಕೆ ಆಳು ಇಟ್ಟ ಹಾಗೆ ಅಂತ ತಿಳ್ಕೊಳ್ಳಿ. ಕೆಲಸ ಅವನು ಮಾಡ್ತಾನೆ, ಸವೆಯುವ ಹತ್ಯಾರು ನಿಮ್ಮದೇ" ಅಂದ ಗೆಳೆಯ. ಗೇರಿನ ಕಾರಿಗಿಂತ ಸಾಮಾನ್ಯವಾಗಿ 45ರಿಂದ 60 ಸಾವಿರ ರೂಪಾಯಿ ಹೆಚ್ಚು. ಮೈಲೇಜ್ ಹೆಚ್ಚುಕಡಿಮೆ ಗೇರಿನ ಕಾರಿನಷ್ಟೇ. ಗೇರು ಬದಲಾಗುವಾಗ ತಲೆ ಮುಂದೆ ತೂಗಿದ ಹಾಗಾಗುವುದು ಇದರ ಸ್ವಭಾವ.

ಟಾರ್ಕ್ ಕನ್ವರ್ಟರ್: ಇದು ಹಳೆಯ ಕುಳ. ಎಂಜಿನ್ನಿಗೂ ಗೇರುಪೆಟ್ಟಿಗೆಗೂ ನಡುವೆ ಕ್ಲಚ್ ಪ್ಲೇಟಿನ ಬದಲು ಎಣ್ಣೆ. ಎರಡು ಟೇಬಲ್ ಫ್ಯಾನುಗಳನ್ನು ಎದುರುಬದುರು ಇಟ್ಟು ಒಂದಕ್ಕೆ ಮಾತ್ರ ಸ್ವಿಚ್ ಹಾಕಿ. ಗಾಳಿಯ ರಭಸಕ್ಕೆ ಇನ್ನೊಂದೂ ತಿರುಗುತ್ತದೆ. ಇಲ್ಲಿ ಗಾಳಿಯ ಕೆಲಸವನ್ನು ಎಣ್ಣೆ ಮಾಡುತ್ತದೆ. ಚಡಾವಿನಲ್ಲಿ ಸುಟ್ಟುಹೋಗಲು ಒಣ ಪ್ಲೇಟೇ ಇಲ್ಲವಾದ್ದರಿಂದ ಏರುದಾರಿಗೆ ಒಳ್ಳೆಯ ಜಾತಿ. ಆದರೆ ಬೆಲೆ ಹೆಚ್ಚು, ಇಂಧನವೂ ಸ್ವಲ್ಪ ಹೆಚ್ಚು ಬೇಕು.

ಸಿವಿಟಿ: ಇದು ನಮಗೆ ಪರಿಚಯದ್ದೇ. 1980ರ ದಶಕದಲ್ಲಿ ಬಂದ ಕೈನೆಟಿಕ್ ಹೋಂಡಾ ನೆನಪಿದೆಯಾ? ಈಗಿನ ಗೇರಿಲ್ಲದ ಪೆಟ್ರೋಲ್ ಸ್ಕೂಟರುಗಳಲ್ಲೂ ಇರುವುದು ಅದೇ ಉಪಾಯ. ಎರಡು ಪುಲ್ಲಿ, ನಡುವೆ ಒಂದು ಬೆಲ್ಟು. ಪುಲ್ಲಿಯ ಎರಡು ತಟ್ಟೆಗಳು ಹತ್ತಿರ ಬಂದರೆ ಬೆಲ್ಟು ಮೇಲೇರುತ್ತದೆ, ದೂರವಾದರೆ ಕೆಳಗಿಳಿಯುತ್ತದೆ. ಗೇರುಗಳ ಮೆಟ್ಟಲೇ ಇಲ್ಲ, ಇಳಿಜಾರು ಹಲಗೆ ಇಟ್ಟ ಹಾಗೆ. ಕಾರಿನಲ್ಲಿ ರಬ್ಬರಿನ ಬದಲು ಉಕ್ಕಿನ ಬೆಲ್ಟು. ಬಹಳ ನಯ. ಜೋರಾಗಿ ಆಕ್ಸಿಲರೇಟರ್ ತುಳಿದರೆ ಸದ್ದು ಮೊದಲು, ವೇಗ ಆಮೇಲೆ.

ಡಿಸಿಟಿ: ಎರಡು ಕ್ಲಚ್ಚಿನ ಗೇರುಪೆಟ್ಟಿಗೆ. 1, 3, 5ನೇ ಗೇರಿಗೆ ಒಂದು ಕ್ಲಚ್ಚು, 2, 4, 6ಕ್ಕೆ ಇನ್ನೊಂದು. ಗೇರು ಬದಲಾದದ್ದೇ ಗೊತ್ತಾಗದು. ದುಬಾರಿ. ಇದರಲ್ಲಿ ಒಣ ಕ್ಲಚ್ಚಿನ ಜಾತಿ ತೆವಳುವ ಟ್ರಾಫಿಕ್ಕಿನಲ್ಲಿ, ಏರುದಾರಿಯಲ್ಲಿ ಬಿಸಿಯಾಗುತ್ತದೆ.

ಇನ್ನು ವಿದ್ಯುತ್ ಕಾರು. ಈಗ ಸಿಗುವ ಹೆಚ್ಚಿನವುಗಳಲ್ಲಿ ಬದಲಿಸುವ ಗೇರೇ ಇಲ್ಲ. ಮೋಟಾರಿಗೆ ನಿಂತಲ್ಲಿಂದಲೇ ಪೂರ್ತಿ ಎಳೆತ ಇರುವುದರಿಂದ ಚಡಾವು ಅದಕ್ಕೆ ಲೆಕ್ಕಕ್ಕಿಲ್ಲ. ಆದರೆ ಮಳೆಗಾಲದಲ್ಲಿ ನಮ್ಮಲ್ಲಿ ಮೂರು ದಿನ ಕರೆಂಟು ಇರುವುದಿಲ್ಲ. ನಾನು ಆ ಸಾಹಸಕ್ಕೆ ಹೋಗಲಿಲ್ಲ.

ಅಂಗಡಿಯ ಅಂಗಳದಲ್ಲಿ ಅಲ್ಲ, ನಮ್ಮ ಚಡಾವಿನಲ್ಲಿ

ಶೋರೂಮಿನವರು ಟೆಸ್ಟ್ ಡ್ರೈವ್ ಎಂದು ಹೈವೇಯಲ್ಲಿ ನಾಲ್ಕು ಕಿಲೋಮೀಟರ್ ಓಡಿಸಲು ಕೊಡುತ್ತಾರೆ. ಅಲ್ಲಿ ಎಲ್ಲ ಕಾರೂ ಚಂದವೇ. ನಾನು ಹಟ ಹಿಡಿದೆ. "ನಮ್ಮ ಮನೆಗೆ ತನ್ನಿ. ನಮ್ಮ ಚಡಾವು ಹತ್ತಿದರೆ ಮಾತ್ರ ಮಾತು." ಮೊದಲು ಒಪ್ಪಲಿಲ್ಲ. ಆಮೇಲೆ ಬಂದರು.

ಮೂರು ಕಾರು ನೋಡಿದೆ. ಪ್ರತಿಯೊಂದರಲ್ಲೂ ನಾಲ್ಕು ಜನ ಕುಳಿತು, ಡಿಕ್ಕಿಯಲ್ಲಿ ಎರಡು ಗೋಣಿ ಅಡಿಕೆ ಹಾಕಿ, ತಿರುವಿನಲ್ಲಿ ಬೇಕೆಂದೇ ನಿಲ್ಲಿಸಿ ಮತ್ತೆ ಹೊರಡಿಸಿದೆ.

ಮೊದಲನೆಯದು ಎಎಂಟಿ. ಬ್ರೇಕಿನಿಂದ ಕಾಲು ತೆಗೆದದ್ದೇ ತಡ, ಒಂದು ಮೊಳ ಹಿಂದೆ ಜಾರಿ, ಆಮೇಲೆ ಹಾರಿದ ಹಾಗೆ ಮುಂದೆ ಹೋಯಿತು. ಹ್ಯಾಂಡ್‌ಬ್ರೇಕ್ ಹಾಕಿ ಹೊರಡಿಸಿದರೆ ಸರಿಯಾಗುತ್ತದೆ. ಆದರೆ ಹೊಸದಾಗಿ ಕಲಿಯುವವರಿಗೆ ಆ ಒಂದು ಮೊಳವೇ ಎದೆಗೆಡಿಸಲು ಸಾಕು. ಎರಡನೆಯದೂ ಎಎಂಟಿ, ಆದರೆ ಹಿಲ್ ಹೋಲ್ಡ್ ಇತ್ತು. ಅಂದರೆ ಏರಿನಲ್ಲಿ ಬ್ರೇಕಿನಿಂದ ಕಾಲು ತೆಗೆದರೂ ಸುಮಾರು ಎರಡು ಸೆಕೆಂಡು ಕಾರು ತಾನಾಗಿ ಬ್ರೇಕ್ ಹಿಡಿದುಕೊಂಡಿರುತ್ತದೆ. ಅಷ್ಟರಲ್ಲಿ ಆಕ್ಸಿಲರೇಟರ್ ಒತ್ತಿದರಾಯಿತು. ಹಿಂದೆ ಜಾರಲಿಲ್ಲ. ಮೂರನೆಯದು ಟಾರ್ಕ್ ಕನ್ವರ್ಟರ್. ಬೆಣ್ಣೆಯಲ್ಲಿ ಕೂದಲು ಎಳೆದ ಹಾಗೆ ಹತ್ತಿತು. ಬೆಲೆ ಕೇಳಿ ನಾನು ಇಳಿದೆ.

2021ರಲ್ಲಿ ಎರಡನೆಯದನ್ನು ಕೊಂಡೆ.

ಮೊದಲ ದಿನದ ಪೆಟ್ಟು

ಗೇರಿನ ಕಾರಿಗೆ ಒಗ್ಗಿದವರಿಗೆ ಆಟೋಮ್ಯಾಟಿಕ್ಕಿನಲ್ಲಿ ಇರುವ ದೊಡ್ಡ ಶತ್ರು ಅವರ ಎಡಗಾಲು. ಮೊದಲ ದಿನ ಪೇಟೆಯಲ್ಲಿ ನಿಧಾನ ಮಾಡಬೇಕಾಗಿ ಬಂತು. ನನ್ನ ಎಡಗಾಲು ತಾನಾಗಿ ಕ್ಲಚ್ಚು ಹುಡುಕಿ, ಸಿಕ್ಕ ಪೆಡಲನ್ನು ಪೂರ್ತಿ ಒತ್ತಿತು. ಅದು ಬ್ರೇಕು! ಕಾರು ನಿಂತಲ್ಲೇ ಕಂಬ. ಪಕ್ಕದಲ್ಲಿದ್ದ ಆಕೆಯ ಹಣೆ ಡ್ಯಾಶ್‌ಬೋರ್ಡಿಗೆ ತಾಗುವುದರಲ್ಲಿತ್ತು, ಬೆಲ್ಟು ಉಳಿಸಿತು. ಹಿಂದಿನ ಆಟೋದವನ ಬೈಗುಳ ಇಲ್ಲಿ ಬರೆಯುವ ಹಾಗಿಲ್ಲ.

ಅಂದಿನಿಂದ ಒಂದು ನಿಯಮ. ಎಡಗಾಲು ಎಡಮೂಲೆಯಲ್ಲಿ ಸುಮ್ಮನಿರಬೇಕು. ಬ್ರೇಕಿಗೂ ಆಕ್ಸಿಲರೇಟರಿಗೂ ಬಲಗಾಲು ಒಂದೇ. ಎರಡು ಪೆಡಲಿಗೆ ಎರಡು ಕಾಲು ಅಂತ ಹೊರಟರೆ ಗಾಬರಿಯಲ್ಲಿ ಎರಡನ್ನೂ ಒತ್ತುವ ಅಪಾಯ ಇದೆ.

ಇನ್ನೊಂದು ಮುಖ್ಯ ಎಚ್ಚರಿಕೆ. ಗೇರಿನ ಕಾರಿನಲ್ಲಿ ತಪ್ಪಿದರೆ ಹೆಚ್ಚಾಗಿ ಎಂಜಿನ್ ಬಂದ್ ಬೀಳುತ್ತದೆ. ಆಟೋಮ್ಯಾಟಿಕ್ ಬಂದ್ ಬೀಳುವುದಿಲ್ಲ, ಮುಂದೆ ಹೋಗುತ್ತದೆ. ಬ್ರೇಕೆಂದು ತಿಳಿದು ಆಕ್ಸಿಲರೇಟರ್ ಒತ್ತಿದರೆ ಅಂಗಳದಲ್ಲಿ ಒಣಗಲು ಹಾಕಿದ ಅಡಿಕೆಯ ಮೇಲೂ ಹೋದೀತು, ಮಕ್ಕಳ ಮೇಲೂ ಹೋದೀತು. ಡಿ ಅಥವಾ ಆರ್‌ಗೆ ಹಾಕುವ ಮೊದಲು ಬಲಗಾಲು ಬ್ರೇಕಿನ ಮೇಲೆ ಇದೆಯೇ ಎಂದು ಕಣ್ಣಿಂದ ನೋಡಿ ಖಾತ್ರಿ ಮಾಡಿಕೊಳ್ಳಿ. ವಯಸ್ಸಾದವರು ಇದನ್ನು ಜಪದ ಹಾಗೆ ರೂಢಿಸಿಕೊಳ್ಳಬೇಕು.

ಹತ್ತುವುದಕ್ಕಿಂತ ಇಳಿಯುವುದು ಕಷ್ಟ

ಶಿರಾಡಿ, ಚಾರ್ಮಾಡಿ, ಸಂಪಾಜೆ, ಆಗುಂಬೆ. ನಾವು ಯಾವ ಊರಿಗೆ ಹೊರಟರೂ ಒಂದು ಘಾಟಿ ಇದ್ದೇ ಇದೆ. ಆಗುಂಬೆಯಲ್ಲಿ 14 ಹೇರ್‌ಪಿನ್ ತಿರುವು. "ಹತ್ತಿದ ಗೇರಿನಲ್ಲೇ ಇಳಿ" ಅಂತ ಹಿಂದಿನ ಡ್ರೈವರುಗಳು ಹೇಳುತ್ತಿದ್ದರು. ಈ ಮಾತು ಆಟೋಮ್ಯಾಟಿಕ್ಕಿಗೂ ಸರಿ.

ಡಿಯಲ್ಲೇ ಬಿಟ್ಟು ಘಾಟಿ ಇಳಿದರೆ ಕಾರಿನ ವೇಗ ಹೆಚ್ಚಿದ ಹಾಗೆ ಗೇರೂ ಮೇಲಕ್ಕೆ ಹೋಗಬಹುದು. ಆಗ ಎಂಜಿನ್ನಿನ ಹಿಡಿತ ಕಡಿಮೆ, ಭಾರವೆಲ್ಲ ಬ್ರೇಕಿನ ಮೇಲೆ. ಬ್ರೇಕ್ ಬಿಸಿಯಾದರೆ ಹಿಡಿಯುವ ಶಕ್ತಿ ಕುಂದುತ್ತದೆ. ಅದಕ್ಕೇ ಎಂ ಎಂಬ ಜಾಗ ಇರುವುದು. ಅಲ್ಲಿಗೆ ಹಾಕಿದರೆ ಗೇರು ನಮ್ಮ ಕೈಗೆ ಬರುತ್ತದೆ. ಇಳಿಯಲು ಶುರುವಾಗುವ ಮೊದಲೇ ಎರಡು ಅಥವಾ ಮೂರನೇ ಗೇರಿಗೆ ತಂದುಬಿಡಿ. ಕೆಲವು ಕಾರುಗಳಲ್ಲಿ ಎಂ ಬದಲು ಎಲ್ ಅಥವಾ 2 ಎಂದು ಇರುತ್ತದೆ. ಉದ್ದೇಶ ಅದೇ.

ಪೆಟ್ರೋಲ್ ಉಳಿಸಲು ನ್ಯೂಟ್ರಲ್ ಮಾಡಿ, ಕೆಲವರಂತೂ ಎಂಜಿನ್ನೇ ಬಂದ್ ಮಾಡಿ ಇಳಿಯುತ್ತಾರೆ. ಇದು ಯಾವ ಕಾರಿಗೂ ಸಲ್ಲದು. ಎಂಜಿನ್ ಬಂದ್ ಆದರೆ ನಾಲ್ಕು ಸಲ ಒತ್ತುವುದರೊಳಗೆ ಬ್ರೇಕ್ ಕಲ್ಲಿನ ಹಾಗೆ ಗಟ್ಟಿಯಾಗುತ್ತದೆ, ಸ್ಟಿಯರಿಂಗೂ ಬಿಗಿಯಾಗುತ್ತದೆ. ಅದರಲ್ಲಿ ಉಳಿತಾಯವೂ ಇಲ್ಲ. ಈಗಿನ ಫ್ಯುಯೆಲ್ ಇಂಜೆಕ್ಷನ್ ಎಂಜಿನ್ನುಗಳಲ್ಲಿ ಗೇರಿನಲ್ಲಿದ್ದುಕೊಂಡೇ ಆಕ್ಸಿಲರೇಟರ್ ಬಿಟ್ಟು ಇಳಿಯುವಾಗ ಇಂಧನ ತಾನಾಗಿ ನಿಲ್ಲುತ್ತದೆ. ನ್ಯೂಟ್ರಲ್ ಮಾಡಿದರೆ ಎಂಜಿನ್ನನ್ನು ಜೀವಂತ ಇಡಲಿಕ್ಕೆ ಇಂಧನ ಬೇಕು!

ಏರಿನಲ್ಲಿ ನಿಂತಾಗ ಆಕ್ಸಿಲರೇಟರ್ ಸ್ವಲ್ಪವೇ ಒತ್ತಿ ಕಾರನ್ನು ಹಿಡಿದು ನಿಲ್ಲಿಸುವುದು ಎಎಂಟಿಗೂ ಒಣ ಕ್ಲಚ್ಚಿನ ಡಿಸಿಟಿಗೂ ವಿಷ. ಒಳಗೆ ಆಗುತ್ತಿರುವುದು ನಾವು ಮಾಡುತ್ತಿದ್ದ ಅದೇ ಹಾಫ್ ಕ್ಲಚ್ಚು. ಕಾಲಿಗೆ ಗೊತ್ತಾಗುವುದಿಲ್ಲ ಅಷ್ಟೆ. ಬ್ರೇಕ್ ಒತ್ತಿ ನಿಲ್ಲಿ, ಹೆಚ್ಚು ಹೊತ್ತಾದರೆ ಹ್ಯಾಂಡ್‌ಬ್ರೇಕ್ ಹಾಕಿ.

ಗೇರಿನ ಕಾರೇ ಮೇಲು ಎನ್ನುವವರು

ನಮ್ಮ ನೆರೆಕರೆಯ ಹಿರಿಯ ಕೃಷಿಕರೊಬ್ಬರು ನಾಲ್ಕು ಸಲ ಕಾರು ಬದಲಿಸಿದರೂ ಗೇರು ಬಿಟ್ಟಿಲ್ಲ. ಅವರ ಕಾರಣಗಳನ್ನು ತಳ್ಳಿಹಾಕುವ ಹಾಗಿಲ್ಲ.

ಮೊದಲನೆಯದು ಬ್ಯಾಟರಿ. ಮಳೆಗಾಲದಲ್ಲಿ ನಮ್ಮ ಕಾರು ವಾರಗಟ್ಟಲೆ ಕೊಟ್ಟಿಗೆ ಬಿಡುವುದಿಲ್ಲ. ಹೊರಟ ದಿನ ಬ್ಯಾಟರಿ ಖಾಲಿ. ಗೇರಿನ ಕಾರಾದರೆ ಇಬ್ಬರು ದೂಡಿ, ಎರಡನೇ ಗೇರಿನಲ್ಲಿ ಕ್ಲಚ್ಚು ಬಿಟ್ಟರೆ ಸ್ಟಾರ್ಟ್. ಆಟೋಮ್ಯಾಟಿಕ್ಕನ್ನು ಹಾಗೆ ದೂಡಿ ಸ್ಟಾರ್ಟ್ ಮಾಡಲು ಆಗದು. ನಾನು ಒಂದು ಜೊತೆ ಜಂಪರ್ ಕೇಬಲ್ ತಂದಿಟ್ಟಿದ್ದೇನೆ. ನೆರೆಯವರ ಪಿಕಪ್ಪಿನ ಬ್ಯಾಟರಿಯಿಂದ ಎರಡು ಸಲ ಜೀವ ಕೊಟ್ಟದ್ದಾಗಿದೆ. ಈಗ ಮಳೆಗಾಲದಲ್ಲೂ ವಾರಕ್ಕೊಮ್ಮೆ ಪೇಟೆಗೆ ಓಡಿಸುತ್ತೇವೆ.

ಎರಡನೆಯದು ಎಳೆದೊಯ್ಯುವುದು. ಗೇರಿನ ಕಾರು ಕೆಟ್ಟರೆ ನ್ಯೂಟ್ರಲ್ ಮಾಡಿ ಹಗ್ಗ ಕಟ್ಟಿ ಜೀಪಿನಲ್ಲಿ ಎಳೆಯುತ್ತೇವೆ. ಟಾರ್ಕ್ ಕನ್ವರ್ಟರ್, ಸಿವಿಟಿಗಳನ್ನು ಎಳೆಯುವ ಚಕ್ರ ನೆಲದಲ್ಲಿಟ್ಟು ದೂರ ಎಳೆದರೆ ಒಳಗೆ ಎಣ್ಣೆ ಓಡದೆ ಗೇರುಪೆಟ್ಟಿಗೆ ಹಾಳಾಗುತ್ತದೆ. ಚಕ್ರ ಎತ್ತಿಯೋ, ಲಾರಿಗೆ ಏರಿಸಿಯೋ ಒಯ್ಯಬೇಕು.

ಮೂರನೆಯದು ರಿಪೇರಿ. ಗೇರಿನ ಕಾರಿನ ಕ್ಲಚ್ಚನ್ನು ಊರಿನ ಗ್ಯಾರೇಜಿನವನೇ ಬಿಚ್ಚಿ ಜೋಡಿಸುತ್ತಾನೆ. ಎಎಂಟಿಗೆ ಕ್ಲಚ್ಚು ಹಾಕಿದ ಮೇಲೆ ಕಂಪ್ಯೂಟರ್ ಜೋಡಿಸಿ ಅದಕ್ಕೆ ಹೊಸ ಪಾಠ ಹೇಳಿಕೊಡಬೇಕು. ಆ ಯಂತ್ರ ಎಲ್ಲರಲ್ಲೂ ಇಲ್ಲ.

ನಾಲ್ಕನೆಯದು ಕೆಸರು. ಚಕ್ರ ಹೂತಾಗ ಒಂದನೇ ಗೇರು, ರಿವರ್ಸು, ಮತ್ತೆ ಒಂದನೇ ಗೇರು ಅಂತ ತೊಟ್ಟಿಲು ತೂಗಿದ ಹಾಗೆ ತೂಗಿ ಎಬ್ಬಿಸುವುದು ಗೇರಿನ ಕಾರಿನಲ್ಲಿ ಸಲೀಸು. ಇದನ್ನೂ ನಾನು ಒಪ್ಪುತ್ತೇನೆ.

ಹಾಗಾಗಿ ಕಾಲು ಗಟ್ಟಿ ಇರುವವರು, ದಿನಾ ಲೋಡು ಸಾಗಿಸುವವರು, ಪೇಟೆಯಿಂದ ಬಹಳ ದೂರ ಇರುವವರು ಗೇರಿನ ಕಾರನ್ನೇ ಇಟ್ಟುಕೊಂಡರೆ ತಪ್ಪಿಲ್ಲ. ಕೊಡಬೇಕಾದ ಹಣವೂ ಕಡಿಮೆ.

ಆದರೆ ಆ ಹಿರಿಯರಿಗೆ ನಾನು ಒಂದು ಪ್ರಶ್ನೆ ಕೇಳಿದೆ. "ನಿಮ್ಮ ಮನೆಯಲ್ಲಿ ನೀವಲ್ಲದೆ ಕಾರು ಓಡಿಸುವವರು ಯಾರಿದ್ದಾರೆ?" ಅವರು ಕವಳ ಉಗುಳಿ ಬಂದು ಮಾತು ಬದಲಿಸಿದರು.

56ರಲ್ಲಿ ಎಲ್ ಬೋರ್ಡ್

ಕಾರು ಬಂದ ಮೇಲೆ ಆಕೆ ಕಲಿಯಲು ಕುಳಿತಳು. ವಯಸ್ಸು 56. ಹಿಂದೆ ಒಮ್ಮೆ ಡ್ರೈವಿಂಗ್ ಸ್ಕೂಲಿಗೆ ಹೋಗಿ, ಕ್ಲಚ್ಚು ಬಿಡುವಾಗ ಬಂದ್ ಬಿದ್ದು ಬಿದ್ದು ಬೇಸತ್ತು ನಾಲ್ಕನೇ ದಿನಕ್ಕೆ ಬಿಟ್ಟಿದ್ದಳು. ಈ ಸಲ ಕ್ಲಚ್ಚಿನ ತಲೆಬಿಸಿ ಇಲ್ಲವಾದ್ದರಿಂದ ಗಮನವೆಲ್ಲ ರಸ್ತೆ, ಕನ್ನಡಿ, ಬ್ರೇಕಿನ ಮೇಲೆ. ಮೊದಲ ವಾರ ಶಾಲೆಯ ಮೈದಾನ. ಎರಡನೇ ವಾರ ಡಾಮರು ರಸ್ತೆ. ನಮ್ಮ ಚಡಾವು ಮಾತ್ರ ಒಂದು ತಿಂಗಳು ಕಳೆದ ಮೇಲೆ.

40 ದಾಟಿದವರಿಗೆ ಲೈಸೆನ್ಸಿಗೆ ವೈದ್ಯರ ಸರ್ಟಿಫಿಕೇಟು ಬೇಕು. ಎಲ್ಲೆಲ್ಲಾರ್ ಸಿಕ್ಕಿ 30 ದಿನ ಕಳೆದ ಮೇಲೆ ಪರೀಕ್ಷೆಗೆ ಹೋಗಬಹುದು, ಅದರ ಆಯುಷ್ಯ ಆರು ತಿಂಗಳು. 55 ದಾಟಿದ ಮೇಲೆ ಕೊಡುವ ಅಥವಾ ನವೀಕರಿಸುವ ಲೈಸೆನ್ಸ್ ಐದೇ ವರ್ಷಕ್ಕೆ. ನಿಮ್ಮ ಕಾರ್ಡಿನ ತಾರೀಕನ್ನೂ ಒಮ್ಮೆ ನೋಡಿಕೊಳ್ಳಿ. ನನ್ನದು ಮುಗಿದು ಎರಡು ತಿಂಗಳಾದದ್ದು ಆಕೆಯ ಅರ್ಜಿ ತುಂಬಿಸುವಾಗಲೇ ಗೊತ್ತಾದದ್ದು!

ಕಳೆದ ಮಳೆಗಾಲದಲ್ಲಿ ಬೋರ್ಡೋ ಹೊಡೆಯಲು ಬಂದವರಲ್ಲಿ ಒಬ್ಬನಿಗೆ ಮರದಿಂದ ಇಳಿಯುವಾಗ ಜಾರಿ ಕೈ ಮುರಿಯಿತು. ನಾನು ಸೊಸೈಟಿಯ ಮೀಟಿಂಗಿಗೆ ಹೋಗಿದ್ದೆ. ನೆರೆಯವರ ಬೈಕಿನಲ್ಲಿ. ವಿಷಯ ತಿಳಿದು ನಾನು ಆಸ್ಪತ್ರೆಗೆ ಓಡಿದರೆ ನಮ್ಮ ಕಾರು ಆಗಲೇ ಅಲ್ಲಿ ನಿಂತಿತ್ತು. ಹಿಂದಿನ ಚಕ್ರಕ್ಕೆ ಒಂದು ಕಲ್ಲು. ಎಎಂಟಿಯಲ್ಲಿ ಹೆಚ್ಚಾಗಿ ಪಿ ಎಂಬ ಬೀಗ ಇರುವುದಿಲ್ಲ, ಇಳಿಜಾರಿನಲ್ಲಿ ಹ್ಯಾಂಡ್‌ಬ್ರೇಕ್ ಹಾಕಿ, ಗೇರಿನಲ್ಲಿಟ್ಟು ಬಂದ್ ಮಾಡಿ, ಕಲ್ಲು ಕೊಡಬೇಕು ಅಂತ ನಾನೇ ಕಲಿಸಿದ್ದು. ಅಷ್ಟು ಗಡಿಬಿಡಿಯಲ್ಲೂ ಆಕೆ ಮರೆತಿರಲಿಲ್ಲ.

"ತಿರುವಿನಲ್ಲಿ ಏನು ಮಾಡಿದೆ?" ಕೇಳಿದೆ.

"ದನ ಅಡ್ಡ ಬಂತು. ನಿಲ್ಲಿಸಿದೆ. ಹೋಯಿತು. ಹೊರಟೆ" ಅಂದಳು.

ಕೊಳ್ಳುವ ಮುನ್ನ

- ಒಳಗಿರುವುದು ಎಎಂಟಿಯೋ, ಟಾರ್ಕ್ ಕನ್ವರ್ಟರೋ, ಸಿವಿಟಿಯೋ, ಡಿಸಿಟಿಯೋ ಕೇಳಿ. "ಆಟೋಮ್ಯಾಟಿಕ್" ಎಂಬ ಉತ್ತರ ಸಾಲದು.
- ಹಿಲ್ ಹೋಲ್ಡ್ ಇದೆಯೇ ನೋಡಿ. ಕೆಲವೊಮ್ಮೆ ಅಗ್ಗದ ಮಾದರಿಯಲ್ಲಿ ಇರುವುದಿಲ್ಲ.
- ನಿಮ್ಮ ಮನೆಯ ಚಡಾವಿನಲ್ಲೇ, ಲೋಡು ಹಾಕಿ, ನಡುವೆ ನಿಲ್ಲಿಸಿ ಪರೀಕ್ಷಿಸಿ.
- ಹತ್ತಿರದಲ್ಲಿ ರಿಪೇರಿ ಮಾಡುವವರು ಯಾರಿದ್ದಾರೆ, ಕ್ಲಚ್ಚಿಗೆ ಎಷ್ಟು ಬೀಳುತ್ತದೆ ಮೊದಲೇ ವಿಚಾರಿಸಿ.
- ಜಂಪರ್ ಕೇಬಲ್ ಡಿಕ್ಕಿಯಲ್ಲಿ ಇರಲಿ.
- ಎಲ್ಲಕ್ಕಿಂತ ಮೊದಲು, ಮನೆಯಲ್ಲಿ ಇನ್ನೊಬ್ಬರು ಅದನ್ನು ಓಡಿಸಬಲ್ಲರೇ ಯೋಚಿಸಿ. ಅವರನ್ನು ಸೀಟಿನಲ್ಲಿ ಕೂರಿಸಿ ನೋಡಿಯೇ ಮುಂಗಡ ಕೊಡಿ.

ಚಡಾವಿನ ಮನೆಯಲ್ಲಿ ಆಟೋಮ್ಯಾಟಿಕ್ ಇಟ್ಟುಕೊಂಡವರು, ಬೇಡವೆಂದು ಮಾರಿದವರು ಇಬ್ಬರೂ ತಮ್ಮ ಅನುಭವ ಬರೆದರೆ ಉಳಿದವರಿಗೆ ಉಪಕಾರವಾದೀತು.